ಸವಾರನೋ, ಹೇರಿನವನೋ: ಒಂದು ಗ್ರಾಮ ಸ್ಮಾರಕದ ಪ್ರಕರಣ ಅಧ್ಯಯನ

ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಜೀವಂತ ಮರಳಿದ ಒಬ್ಬ ಸಿಪಾಯಿಗೆ ಬೆಳಗಾವಿ ಜಿಲ್ಲೆಯ ಒಂದು ಗ್ರಾಮದವರು ಸ್ಮಾರಕ ಕಟ್ಟಲು ಹೊರಟಾಗ ನಡೆದ ಚರ್ಚೆ, ಹುಡುಕಾಟ ಮತ್ತು ತೀರ್ಮಾನಗಳನ್ನು ಇಲ್ಲಿ ದಾಖಲಿಸಿದ್ದೇನೆ. ಗ್ರಾಮದ ಹೆಸರು, ಮನೆತನ, ಪಲ್ಟನ್ನಿನ ಸಂಖ್ಯೆ, ಸಮಿತಿಯ ಸದಸ್ಯರ ಗುರುತು ಎಲ್ಲವನ್ನೂ ಬೇಕೆಂದೇ ಮರೆಮಾಡಿದೆ. ಇತಿಹಾಸದ ವಿಷಯದಲ್ಲಿ ಸಲಹೆ ಕೊಡಲು ಸಮಿತಿಯವರು ನನ್ನನ್ನು ಕರೆದಿದ್ದರು. ತೀರ್ಮಾನ ತೆಗೆದುಕೊಂಡವರು ಅವರೇ.

ಹಿನ್ನೆಲೆ

ಊರಿನ ಚಾವಡಿಯ ಗೋಡೆಯಲ್ಲಿ ಬ್ರಿಟಿಷರ ಕಾಲದ ಒಂದು ಕಲ್ಲಿನ ಫಲಕವಿದೆ. ಈ ಊರಿನಿಂದ 1914ರಿಂದ 1919ರ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಕೆತ್ತಿದೆ, ಹೆಸರುಗಳಿಲ್ಲ. ಹಿಂದಿನ ಮುಂಬಯಿ ಪ್ರಾಂತದ ಎಷ್ಟೋ ಊರುಗಳಲ್ಲಿ ಇಂಥ ಕಲ್ಲುಗಳಿವೆ. ಹೋದವರ ಪೈಕಿ ಒಬ್ಬನ ವಂಶದವರು ಮಾತ್ರ ಅವನ ಎರಡು ಪದಕಗಳನ್ನೂ ಒಂದು ಫೋಟೋವನ್ನೂ ಹಿತ್ತಾಳೆಯ ಡಬ್ಬಿಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಖಂಡೇನವಮಿಯ ದಿನ ಕುಡಗೋಲು, ಕೊಡಲಿಗಳ ಜೊತೆಗೆ ಆ ಪದಕಗಳಿಗೂ ಕುಂಕುಮ ಹಚ್ಚಿ ಪೂಜೆ ಮಾಡುವುದು ಆ ಮನೆಯ ರೂಢಿ. “ನಮ್ಮ ಮುತ್ತ್ಯಾ ಕುದರಿ ಮ್ಯಾಲ ಕುಂತು ಲಡಾಯಿ ಮಾಡಿದಾಂವ” ಎಂಬ ಮಾತು ಮನೆಯಿಂದ ಓಣಿಗೆ, ಓಣಿಯಿಂದ ಊರಿಗೆ ಹಬ್ಬಿ, ಯಾರೂ ಪ್ರಶ್ನಿಸದ ಸತ್ಯವಾಗಿ ನಿಂತಿತ್ತು.

2018ರಲ್ಲಿ, ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣಕ್ಕಾಗಿ ಆ ಮಹಾಯುದ್ಧದಲ್ಲಿ ನಡೆದ ಕದನದ ಶತಮಾನೋತ್ಸವದ ಸುದ್ದಿ ಎಲ್ಲೆಡೆ ಬಂದಾಗ ಈ ನೆನಪಿಗೆ ಹೊಸ ಬಣ್ಣ ಸೇರಿತು. ಕನ್ನಡ ನಾಡಿನ ಮೈಸೂರು ಲ್ಯಾನ್ಸರ್ಸ್ ಭರ್ಚಿ ಹಿಡಿದು ಕುದುರೆ ಏರಿ ಪಟ್ಟಣ ಗೆದ್ದರೆಂಬುದು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ನಮ್ಮ ಊರಿನ ಹಿರಿಯನೂ ಅಲ್ಲಿಯೇ ಇದ್ದಿರಬೇಕು ಎಂದು ತರುಣ ಮಂಡಳದವರು ಮೊದಲು ಊಹಿಸಿದರು, ಬರಬರುತ್ತ ಹಾಗೆಂದೇ ಹೇಳತೊಡಗಿದರು. ಮುಂಗಾಲೆತ್ತಿದ ಕುದುರೆಯ ಮೇಲೆ ಕುಳಿತ ಚೆನ್ನಮ್ಮನನ್ನು ನೋಡುತ್ತ ಬೆಳೆದ ಈ ಸೀಮೆಯಲ್ಲಿ ವೀರನೆಂದರೆ ಕುದುರೆಯ ಮೇಲಿನವನು ಎಂಬ ಕಲ್ಪನೆ ಬಲವಾಗಿರುವುದು ಸಹಜ. ಊರ ಅಗಸಿಯ ಮುಂದೆ ಭರ್ಚಿ ಹಿಡಿದ ಸವಾರನ ಮೂರ್ತಿ ನಿಲ್ಲಿಸುವುದೆಂದು ಸಮಿತಿ ರಚನೆಯಾಯಿತು, ವರಗಣಿ ಕೂಡಿತು. ದೊಡ್ಡ ಮೊತ್ತ ಕೊಡಲು ಒಬ್ಬ ಗುತ್ತಿಗೆದಾರರು ಮುಂದೆ ಬಂದರು.

ಸಮಸ್ಯೆ

ಅನುಮಾನ ಮೊದಲು ಹುಟ್ಟಿದ್ದು ಶಿಲ್ಪಿಯ ಕೆಲಸದಿಂದ. ಅಳತೆ ತೆಗೆಯಲು ಬಂದ ಆತ ಕೆಲವು ನೇರ ಪ್ರಶ್ನೆ ಕೇಳಿದ: ತಡಿ ಯಾವ ನಮೂನೆಯದು, ರಿಕಾಬು ಎಷ್ಟು ಕೆಳಗೆ ಇಳಿಬಿಡಬೇಕು, ಕತ್ತಿ ಸೊಂಟಕ್ಕೋ ತಡಿಗೋ, ಭರ್ಚಿಗೆ ಬಾವುಟ ಉಂಟೋ ಇಲ್ಲವೋ, ಯಾವ ರಿಸಾಲೆಯ ಸಮವಸ್ತ್ರ? ಒಂದಕ್ಕೂ ಸಮಿತಿಯ ಬಳಿ ಉತ್ತರವಿರಲಿಲ್ಲ. ಸಿನಿಮಾದ ಕುದುರೆಯಂತೆ ಮಾಡಿಬಿಡಿ ಎಂದು ಒಬ್ಬರು ಹೇಳಿದರು. ಸೈನ್ಯದವನ ಮೂರ್ತಿ, ನಾಳೆ ಯಾರಾದರೂ ತಿಳಿದವರು ನೋಡಿ ತಪ್ಪೆಂದರೆ ತನ್ನ ಹೆಸರು ಕೆಡುತ್ತದೆ ಎಂದು ಶಿಲ್ಪಿ ಒಪ್ಪಲಿಲ್ಲ. ಈ ಪ್ರಕರಣದಲ್ಲಿ ಮೊದಲ ಮೆಚ್ಚುಗೆ ಸಲ್ಲಬೇಕಾದದ್ದು ಆತನಿಗೆ.

ಹುಡುಕಾಟ

ಮೊದಲು ನೋಡಿದ್ದು ಪದಕಗಳ ಅಂಚು. ಆ ಯುದ್ಧದ ಬ್ರಿಟಿಷ್ ಪದಕಗಳ ಮುಖದ ಮೇಲೆ ಎಲ್ಲರಿಗೂ ಒಂದೇ ಚಿತ್ರವಿರುತ್ತದೆ. ಪಡೆದವನ ಸಂಖ್ಯೆ, ದರ್ಜೆ, ಹೆಸರು, ದಳ ಇವು ಅಂಚಿನ ಸುತ್ತ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತವೆ. ವರ್ಷವರ್ಷದ ಕುಂಕುಮ ಅಂಚಿನಲ್ಲಿ ಗಟ್ಟಿಯಾಗಿ ಕೂತಿದ್ದರಿಂದ ಮನೆಯವರು ಅದನ್ನು ಎಂದೂ ಓದಿರಲಿಲ್ಲ. ಮೆತ್ತಗಿನ ಅರಿವೆಯಿಂದ ನಿಧಾನ ಒರೆಸಿ, ಓರೆ ಬೆಳಕಿನಲ್ಲಿ ಹಿಡಿದು ನೋಡಿದಾಗ ದರ್ಜೆ ‘ಸಿಪಾಯಿ’, ದಳ ಒಂದು ಮರಾಠಾ ಕಾಲ್ದಳದ ಪಲ್ಟನ್ ಎಂದು ಸ್ಪಷ್ಟವಾಗಿ ಕಂಡಿತು. ಅಶ್ವದಳದವನಾಗಿದ್ದರೆ ಅಲ್ಲಿ ‘ಸವಾರ’ ಎಂದಿರಬೇಕಿತ್ತು.

ಹೈಫಾದ ಊಹೆ ಇದರಿಂದಲೇ ಬಿದ್ದುಹೋಗಬೇಕಿತ್ತು. ಆದರೆ ತರುಣರು ಬಿಡಲಿಲ್ಲ. ಹೀಗಾಗಿ ಆ ಕದನದ ವಿವರವನ್ನೇ ಅವರ ಮುಂದಿಡಬೇಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿದ್ದದ್ದು ಸಂಸ್ಥಾನಗಳ ಸೈನ್ಯಗಳು: ಜೋಧಪುರ, ಮೈಸೂರು, ಹೈದರಾಬಾದು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಇಲ್ಲಿಯ ಹುಡುಗರು ಮರಾಠಾ ಪಲ್ಟನ್‌ಗಳಿಗೆ ಸೇರುತ್ತಿದ್ದರು. ಇಂದಿನ ಕರ್ನಾಟಕದ ನಕಾಶೆಯನ್ನು ನೂರು ವರ್ಷ ಹಿಂದಕ್ಕೆ ಎಳೆದದ್ದರಿಂದ ಹುಟ್ಟಿದ ಗೊಂದಲವಿದು. ಮೈಸೂರು ಸಂಸ್ಥಾನದ ಸವಾರನ ಕೀರ್ತಿ ನಮ್ಮೆಲ್ಲರದೂ ಹೌದು, ಆದರೆ ಅದನ್ನು ಮುಂಬಯಿ ಪ್ರಾಂತದ ಸಿಪಾಯಿಯ ಹೆಗಲಿಗೆ ಹೊದಿಸಲು ಬರುವುದಿಲ್ಲ.

ಉಳಿದದ್ದು ಫೋಟೋ. ಅಂಗೈಯಷ್ಟು ಅಗಲ, ಒಂದು ಮೂಲೆ ಗೆದ್ದಲು ತಿಂದಿದೆ. ರುಮಾಲು, ಕಾಲಿಗೆ ಪಟ್ಟಿ ಸುತ್ತಿದ ಯುವಕನೊಬ್ಬ ಒಂದು ಪ್ರಾಣಿಯ ಎಡಗಡೆ, ಅದರ ತಲೆಯ ಹತ್ತಿರ ನಿಂತಿದ್ದಾನೆ. ಮನೆಯವರ ಪಾಲಿಗೆ ಅದು ಮುತ್ತ್ಯಾನ ಕುದುರೆ. ವಿಜಯಪುರದಲ್ಲಿ ಟಾಂಗಾ ಕುದುರೆಗಳಿಗೆ ಲಾಳ ಕಟ್ಟುತ್ತ ಮುಪ್ಪಾದ ಒಬ್ಬ ನಾಲಬಂದರಿಗೆ ಈ ಫೋಟೋದ ದೊಡ್ಡ ಪ್ರತಿಯನ್ನು ತೋರಿಸಿದೆವು. ಅವರು ಮನುಷ್ಯನನ್ನು ನೋಡಲೇ ಇಲ್ಲ. ಮೊದಲು ಕಾಲಿನ ಗೊರಸು, ಆಮೇಲೆ ಬಾಲದ ಬುಡ, ಕೊನೆಗೆ ಕಿವಿಯ ಮೇಲೆ ಬೆರಳಿಟ್ಟರು. “ಗೊರಸ ಸಣ್ಣದೈತಿ, ಬಾಲದ ಬುಡಕ ಕೂದಲ ಇಲ್ಲ, ಕಿವಿ ಉದ್ದ. ಇದು ಕುದರಿ ಅಲ್ಲರಿ ಸರ, ಖಚ್ಚರ್” ಎಂದರು; ಅಂದರೆ ಹೇಸರಗತ್ತೆ. ಬೆನ್ನ ಮೇಲಿದ್ದದ್ದು ಕೂರುವ ತಡಿಯಲ್ಲ, ಎರಡೂ ಬದಿಗೆ ಕೊಕ್ಕೆಯಿದ್ದ ಹೇರಿನ ತಡಿ ಎಂಬುದನ್ನೂ, ರಿಕಾಬಿಲ್ಲದ್ದನ್ನೂ ತೋರಿಸಿದವರು ಅವರೇ. ಒಂದು ಬದಿಗೆ ನೇತು ಹಾಕಿದ ಉದ್ದ ಪೆಟ್ಟಿಗೆಯ ಅರ್ಧ ಭಾಗ ಕಾಣುತ್ತಿತ್ತು. ಆಗಿನ ಭಾರತೀಯ ಕಾಲ್ದಳಗಳ ಮಷಿನ್‌ಗನ್ನುಗಳೂ ಅವುಗಳ ಗುಂಡಿನ ಪೆಟ್ಟಿಗೆಗಳೂ ಹೇಸರಗತ್ತೆಗಳ ಮೇಲೆಯೇ ಸಾಗುತ್ತಿದ್ದವು. ಕಾಲ್ದಳದ ಸಿಪಾಯಿಯ ಕೈಗೆ ಪ್ರಾಣಿಯ ಹಗ್ಗ ಬಂದದ್ದಕ್ಕೆ ಇದಕ್ಕಿಂತ ಸರಳ ಕಾರಣ ಬೇಕಿಲ್ಲ.

ಆಮೇಲೆ ಮನೆಯ ಹಿರಿಯ ಹೆಣ್ಣುಮಗಳನ್ನು ಮಾತಾಡಿಸಿದೆವು. ಆಕೆ ಸಿಪಾಯಿಯ ಮೊಮ್ಮಗಳು, ಎಳೆಯ ವಯಸ್ಸಿನಲ್ಲಿ ಅಜ್ಜನನ್ನು ಕಂಡವರು. ಅಜ್ಜ ಯಾವ ಯುದ್ಧದಲ್ಲಿ ಎಷ್ಟು ಜನರನ್ನು ಕೊಂದನೆಂದು ಎಲ್ಲರೂ ಅವರನ್ನು ಕೇಳಿದ್ದರಂತೆ, ಅವರಿಗೆ ಉತ್ತರ ಗೊತ್ತಿರಲಿಲ್ಲ. ಪ್ರಾಣಿಗಳ ವಿಷಯವಾಗಿ ಅಜ್ಜ ಹೇಗಿದ್ದನೆಂದು ಕೇಳಿದಾಗ ಮಾತು ತಾನಾಗಿ ಹರಿಯಿತು. ಎತ್ತಿನ ಹೆಗಲಾಗಲಿ, ಸಂತೆಗೆ ಬಂದವರ ಕತ್ತೆಯ ಬೆನ್ನಾಗಲಿ, ಆತ ಅಂಗೈ ಚಾಚಿ ಒತ್ತಿ ಒತ್ತಿ ನೋಡುತ್ತಿದ್ದನಂತೆ. ಎಲ್ಲಾದರೂ ಬಿಸಿ ಹತ್ತಿದರೆ, ಪ್ರಾಣಿ ಚರ್ಮ ಅದುರಿಸಿದರೆ, ಆ ದಿನ ಅದರ ಮೇಲೆ ಹೇರು ಹಾಕಗೊಡುತ್ತಿರಲಿಲ್ಲವಂತೆ. “ಮೊದಲ ಅದಕ್ಕ ನೀರ, ಆಮ್ಯಾಲ ನಮಗ” ಎಂಬುದು ಆತನ ಮಾತು. ಊರಿನ ಹೆಸರುಗಳ ಪೈಕಿ ಆಕೆಗೆ ನೆನಪಿದ್ದದ್ದು ಈಗಿನ ಇರಾಕಿನ ‘ಬಸ್ರಾ’ ಒಂದೇ. ತಡಿಯ ಕೆಳಗಿನ ಹುಣ್ಣು ಹೇರಿನ ಪ್ರಾಣಿಯನ್ನು ಗುಂಡಿಗಿಂತ ಬೇಗ ಕೆಲಸಕ್ಕೆ ಬಾರದಂತೆ ಮಾಡುತ್ತದೆ ಎಂಬುದು ಹೇಸರಗತ್ತೆ ನಡೆಸಿದವನಿಗೆ ಮೊದಲ ಪಾಠ. ಅಂಗೈ ಒತ್ತುವ ಆ ಅಭ್ಯಾಸ ನನಗೆ ಪದಕದ ಅಂಚಿನಷ್ಟೇ ಬಲವಾದ ಸಾಕ್ಷಿಯಾಗಿ ಕಂಡಿತು.

ಸಭೆ

ಇಷ್ಟು ಗೊತ್ತಾದ ಮೇಲೆ ಸಮಿತಿಯಲ್ಲಿ ಬಿರುಕು ಬಿತ್ತು. ಕುದುರೆ ಹೋಗಿ ಹೇಸರಗತ್ತೆ ಬಂದರೆ ಊರಿಗೆ ನಗೆಪಾಟಲು ಎಂದು ಒಂದು ಗುಂಪು. ಸುಳ್ಳು ನಿಲ್ಲಿಸುವುದಕ್ಕಿಂತ ಏನೂ ನಿಲ್ಲಿಸದಿರುವುದು ಒಳ್ಳೆಯದು ಎಂದು ಇನ್ನೊಂದು. ದೊಡ್ಡ ದೇಣಿಗೆಯವರು, ಕುದುರೆ ಇಲ್ಲದಿದ್ದರೆ ನನ್ನ ಹಣವೂ ಇಲ್ಲ ಎಂದು ಬಾಯಿಬಿಟ್ಟು ಹೇಳಿದರು. ಆಧುನಿಕ ಯುದ್ಧದಲ್ಲಿ ಕುದುರೆಗೂ ಸವಾರನಿಗೂ ಉಳಿದ ಪಾತ್ರವೇನು ಎಂಬುದನ್ನು ಗುಡಿಯ ಕಟ್ಟೆಯ ಮೇಲೆ ನಡೆದ ಸಭೆಯಲ್ಲಿ ವಿವರಿಸಲು ನನಗೆ ಹೇಳಿದರು.

ಸವಾರರ ಧಾಳಿ ಮಷಿನ್‌ಗನ್ ಬಂದ ದಿನವೇ ಸತ್ತುಹೋಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲವೆಂದು ಮೊದಲೇ ಹೇಳಿದೆ. ಶತ್ರುವಿನ ಗುಂಡಿನ ಸುರಿಮಳೆ ಯಾವುದೋ ಕಾರಣಕ್ಕೆ ಚದುರಿದ್ದಲ್ಲಿ, ನೆಲ ಬಯಲಾಗಿದ್ದಲ್ಲಿ, ವೇಗವೇ ರಕ್ಷೆಯಾದಲ್ಲಿ ಅದು ಗೆದ್ದದ್ದುಂಟು. 1917ರ ಅಕ್ಟೋಬರ್ 31ರಂದು ಪ್ಯಾಲೆಸ್ಟೈನಿನ ಬೀರ್‌ಶೆಬಾದಲ್ಲಿ ಆಸ್ಟ್ರೇಲಿಯದ ಲೈಟ್ ಹಾರ್ಸ್ ಸೈನಿಕರು ಕತ್ತಿಯಿಲ್ಲದೆ, ಬಂದೂಕಿನ ಬಯನೆಟ್ಟನ್ನೇ ಕೈಯಲ್ಲಿ ಹಿಡಿದು ಕಂದಕಗಳ ಮೇಲೆ ಹಾರಿಹೋದರು. ಹೈಫಾದಲ್ಲಿ ಜೋಧಪುರದವರು ಕಾರ್ಮೆಲ್ ಬೆಟ್ಟಕ್ಕೂ ಕಿಶೋನ್ ಹೊಳೆಗೂ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವ ಹೊತ್ತಿಗೆ ಮೈಸೂರಿನ ತುಕಡಿಗಳು ಬೆಟ್ಟದ ಮೇಲಿನ ಶತ್ರುವಿನ ತೋಪುಗಳನ್ನು (ಫಿರಂಗಿಗಳನ್ನು) ಹಿಡಿಯಲು ಕಡಿದಾದ ದಾರಿ ಏರಿದ್ದವು. ಬೆಟ್ಟದ ಮೇಲಿನ ಕೆಲಸವಿಲ್ಲದೆ ಬಯಲಿನ ವೇಗಕ್ಕೆ ಅರ್ಥವಿರಲಿಲ್ಲ. ಆ ದಿನ ಸತ್ತ ಸೈನಿಕರು 8, ಸತ್ತ ಕುದುರೆಗಳು 60. ಗೆದ್ದ ದಿನದ ಲೆಕ್ಕವೇ ಇದು.

ಫ್ರಾನ್ಸಿನಲ್ಲಿ ಬೇರೆಯೇ ಕತೆ. 1914ರಲ್ಲಿ ಅಲ್ಲಿಗೆ ಹೋದ ಭಾರತೀಯ ಅಶ್ವದಳಗಳು ಮುಳ್ಳುತಂತಿಯ ಹಿಂದೆ, ಶತ್ರುವಿನ ಸಾಲು ಎಲ್ಲಾದರೂ ಬಾಯಿ ತೆರೆದೀತೆಂದು ಕಾಯುತ್ತ ವರ್ಷಗಳನ್ನು ಕಳೆದವು. 1916ರ ಜುಲೈ 14ರಂದು ಸೋಮ್ ಕದನದ ಹೈವುಡ್ ಬಳಿ 20ನೇ ಡೆಕ್ಕನ್ ಹಾರ್ಸ್ ಮತ್ತು ಬ್ರಿಟಿಷರ 7ನೇ ಡ್ರಗೂನ್ ಗಾರ್ಡ್ಸ್ ಪಡೆಗಳು ಭರ್ಚಿ ಹಿಡಿದು ನುಗ್ಗಿದವು, ಕೆಲವರನ್ನು ಸೆರೆಯೂ ಹಿಡಿದವು; ಆದರೆ ಗೆದ್ದ ನೆಲವನ್ನು ಉಳಿಸಿಕೊಳ್ಳಲು ಆಗದೆ ಹಿಂದೆ ಬರಬೇಕಾಯಿತು. 1917ರ ಡಿಸೆಂಬರ್ 1ರಂದು ಕಾಂಬ್ರೆ ಬಳಿ ಲಾನ್ಸ್ ದಫೇದಾರ್ ಗೋಬಿಂದ ಸಿಂಗ್ ಮೂರು ಸಲ ಸುದ್ದಿ ಹೊತ್ತು ಹೊರಟ. ಮೂರು ಸಲವೂ ಕೆಳಗಿನ ಕುದುರೆ ಗುಂಡಿಗೆ ಬಿತ್ತು, ಮೂರು ಸಲವೂ ಉಳಿದ ದಾರಿಯನ್ನು ಆತ ಕಾಲ್ನಡಿಗೆಯಲ್ಲಿ ಮುಗಿಸಿದ. ವಿಕ್ಟೋರಿಯಾ ಕ್ರಾಸ್ ಪಡೆದ ಆ ಸಾಹಸದಲ್ಲಿ ಕತ್ತಿಯ ಕೆಲಸವಿರಲಿಲ್ಲ.

ಸವಾರರಿಗೆ ಕೆಲಸ ಕಡಿಮೆಯಾದ ಆ ಯುದ್ಧದಲ್ಲಿಯೇ ಕುದುರೆ, ಹೇಸರಗತ್ತೆಗಳ ಬೇಡಿಕೆ ಹಿಂದೆಂದೂ ಇಲ್ಲದಷ್ಟು ಹೆಚ್ಚಿತು. ತೋಪು ಎಳೆಯಲು, ಗುಂಡು, ರೊಟ್ಟಿ, ನೀರು ಮುಂಚೂಣಿಗೆ ಮುಟ್ಟಿಸಲು, ಗಾಯಾಳುಗಳನ್ನು ತರಲು ಅವು ಬೇಕಾಗಿದ್ದವು. ಬ್ರಿಟಿಷ್ ಸೈನ್ಯವೊಂದೇ ಕಳೆದುಕೊಂಡ ಪ್ರಾಣಿಗಳು ಸುಮಾರು 4,84,000. ಬಹುಪಾಲು ಸತ್ತದ್ದು ಸಿಡಿಗುಂಡಿಗಲ್ಲ, ದಣಿವು, ಚಳಿ, ರೋಗ ಮತ್ತು ಕೆಸರಿಗೆ. ಮೆಸೊಪೊಟೇಮಿಯದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ, ಮೊದಮೊದಲು ರೈಲೂ ಇರಲಿಲ್ಲ, ಗಟ್ಟಿ ರಸ್ತೆಯೂ ಇರಲಿಲ್ಲ. ಟೈಗ್ರಿಸ್ ನದಿಯ ದೋಣಿ ಬಿಟ್ಟರೆ ಪ್ರಾಣಿಯ ಬೆನ್ನೇ ಗತಿ. ಮರಾಠಾ ಪಲ್ಟನ್‌ಗಳೂ ಇದ್ದ 6ನೇ ಪುಣೆ ಡಿವಿಷನ್ ಕುತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಾಗ, ಕೊನೆಗೆ ಆ ಕುದುರೆ, ಹೇಸರಗತ್ತೆಗಳನ್ನೇ ಕಡಿದು ತಿನ್ನಬೇಕಾಯಿತು. ಆ ಮಾಂಸ ಮುಟ್ಟಲು ಭಾರತೀಯ ಸಿಪಾಯಿಗಳು ಬಹಳ ದಿನ ಒಪ್ಪಲಿಲ್ಲ. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು.

ಇಲ್ಲಿಗೆ ಒಬ್ಬ ತರುಣ ಎದ್ದು ನಿಂತು ಒಳ್ಳೆಯ ಪ್ರಶ್ನೆ ಹಾಕಿದ. 2001ರಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೈನಿಕರು ಕುದುರೆ ಹತ್ತಲಿಲ್ಲವೇ? ಹತ್ತಿದರು, ಮಜಾರ್-ಎ-ಶರೀಫ್ ಕೈಗೆ ಬಂದದ್ದು ಆ ನವೆಂಬರಿನಲ್ಲಿಯೇ. ವಾಹನ ಹೋಗದ ಬೆಟ್ಟಗಳಲ್ಲಿ ಕುದುರೆಯ ಮೇಲೆ ಹೋಗಿ, ರೇಡಿಯೊ ಮತ್ತು ಲೇಸರ್ ಸಾಧನಗಳಿಂದ ವಿಮಾನದ ಬಾಂಬುಗಳಿಗೆ ಗುರಿ ತೋರಿಸುವುದು ಅವರ ಮುಖ್ಯ ಕೆಲಸವಾಗಿತ್ತು. ಬಾಂಬು ಬಿದ್ದು ಶತ್ರು ತತ್ತರಿಸಿದ ಆ ಸ್ವಲ್ಪ ಹೊತ್ತಿನಲ್ಲಿ ಅಮೆರಿಕದ ಪರವಾಗಿದ್ದ ಅಫ್ಘಾನ್ ಸೇನಾನಾಯಕ ದೋಸ್ತುಮನ ಸವಾರರು ಬಯಲು ದಾಟಿ ಮೇಲೆ ಬೀಳುತ್ತಿದ್ದರು. ಯಂತ್ರಗಳ ಸೈನ್ಯವೆಂದು ಹೆಸರಾದ ಜರ್ಮನಿ 1941ರ ಜೂನ್‌ನಲ್ಲಿ ಸೋವಿಯತ್ ದೇಶದ ಮೇಲೆ ಏರಿಹೋದಾಗ ಸುಮಾರು 6 ಲಕ್ಷ ಕುದುರೆಗಳು ಜೊತೆಗಿದ್ದವೆಂಬುದನ್ನೂ ಹೇಳಿದೆ. ಆ ತರುಣ ಕೂತ, ಆದರೆ ಸಭೆ ನನ್ನ ಮಾತಿನಿಂದ ತಿರುಗಲಿಲ್ಲ.

ಸಭೆ ತಿರುಗಿದ್ದು ಹಿಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಹವಾಲ್ದಾರರಿಂದ. ಅವರು ಸೇನೆಯ ಪ್ರಾಣಿ ಸಾರಿಗೆ ಘಟಕದಲ್ಲಿ ದುಡಿದವರು; ಮಿಲಿಟರಿಯಲ್ಲಿದ್ದರು ಎಂಬುದಷ್ಟೇ ಊರಿಗೆ ಗೊತ್ತಿತ್ತು, ಏನು ಕೆಲಸವೆಂದು ಅವರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. “ಗಾಡಿ ಎಲ್ಲಿ ನಿಂದರತೈತೋ ಅಲ್ಲಿಂದ ನಮ್ಮ ಕೆಲಸ ಸುರು ಆಗತಿತ್ತು” ಎಂದು ಆರಂಭಿಸಿದರು. ಒಂದೊಂದು ಪ್ರಾಣಿಗೆ ಎಪ್ಪತ್ತು ಕಿಲೋ ಮೇಲೆ ಭಾರ, ಎರಡೂ ಬದಿ ಸಮ ತೂಗಬೇಕು, ಒಂದು ಬದಿ ಜಗ್ಗಿದರೆ ಪ್ರಾಣಿಯೂ ಹೋಯಿತು, ಸಾಮಾನೂ ಹೋಯಿತು. ಕಾಶ್ಮೀರದ ಎತ್ತರದ ಠಾಣೆಗಳಿಗೆ ರಾತ್ರಿ ದೀಪ ಹಚ್ಚದೆ, ದಾರಿ ಕಾಣದಲ್ಲಿ ಅದರ ಬಾಲ ಹಿಡಿದುಕೊಂಡು ಏರುತ್ತಿದ್ದುದನ್ನು ಹೇಳಿದರು. 1999ರಲ್ಲಿ ಕಾರ್ಗಿಲ್ಲಿನ ಶಿಖರಗಳ ಬುಡಕ್ಕೆ ಗುಂಡು, ಊಟ ಮುಟ್ಟಿಸಿದ್ದರಲ್ಲಿಯೂ ಇಂಥ ಪ್ರಾಣಿಗಳ ಪಾಲಿತ್ತೆಂದು ನೆನಪಿಸಿದರು. ತಮ್ಮ ಹೆಂಡತಿ, ಮಕ್ಕಳು ಕೂತಿದ್ದ ಸಭೆಯಲ್ಲಿ, ಇದನ್ನು ಹೇಳಲು ಇಷ್ಟು ವರ್ಷ ನಾಚಿಕೆಪಟ್ಟಿದ್ದೆ ಎಂದರು. ಕುದುರೆಯೇ ಬೇಕೆಂದು ಪಟ್ಟು ಹಿಡಿದವರಲ್ಲಿ ಹೆಚ್ಚಿನವರು ಅದಾದ ಮೇಲೆ ಎದುರು ಮಾತಾಡಲಿಲ್ಲ.

ತೀರ್ಮಾನ ಮತ್ತು ಫಲ

ಪ್ರಾಣಿಯನ್ನೇ ಬಿಟ್ಟು ಬಂದೂಕು ಹಿಡಿದ ಸಿಪಾಯಿಯನ್ನಷ್ಟೇ ನಿಲ್ಲಿಸುವ ರಾಜಿಯ ಸೂಚನೆಯೊಂದು ಬಂತು. ಅದರಿಂದ ಜಗಳ ತಪ್ಪುತ್ತಿತ್ತು, ಖರ್ಚೂ ಉಳಿಯುತ್ತಿತ್ತು. ಅದನ್ನು ಒಪ್ಪದವರು ಆ ಹಿರಿಯ ಹೆಣ್ಣುಮಗಳು. ಅಜ್ಜ ಫೋಟೋ ತೆಗೆಸುವಾಗ ಅದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾನೆ, ನಾವು ಬಿಡಿಸುವವರು ಯಾರು ಎಂದು ಕೇಳಿದರು. ಹೇರು ಹೊತ್ತ ಹೇಸರಗತ್ತೆಯ ಪಕ್ಕದಲ್ಲಿ ಹಗ್ಗ ಹಿಡಿದು ನಿಂತ ಸಿಪಾಯಿ ಎಂದು ತೀರ್ಮಾನವಾಯಿತು. ದೊಡ್ಡ ದೇಣಿಗೆಯವರು ಹಿಂದೆ ಸರಿದರು. ಮೂರ್ತಿಯ ಎತ್ತರ ಇಳಿಯಿತು, ಕಂಚಿನ ಬದಲು ಕಲ್ಲಾಯಿತು.

ಶಿಲ್ಪಿ ಹೇಸರಗತ್ತೆಯನ್ನು ಹಿಂದೆ ಕೆತ್ತಿರಲಿಲ್ಲ. ಆಕಾರವನ್ನು ಫೋಟೋದಿಂದಲೂ ಹವಾಲ್ದಾರರ ಬಾಯಿಂದಲೂ ತಿಳಿದುಕೊಂಡ. ಭಾರ ಹೊತ್ತ ಪ್ರಾಣಿ ನಿಲ್ಲುವ ಬಗೆಯನ್ನು ಕಲಿತದ್ದು ಮಾತ್ರ ಪ್ರತಿವರ್ಷ ಊರ ಹೊಲಗಳಲ್ಲಿ ಕುರಿ ತರುಬುವ ಸಂಚಾರಿ ಕುರುಬರ ಕುದುರೆಗಳಿಂದ. ಅವು ಸಣ್ಣ ಜಾತಿಯವು. ಕಂಬಳಿ, ಬಲೆ, ಬೋಗುಣಿ, ಆಗಷ್ಟೇ ಈದ ಮರಿಗಳು ಎಲ್ಲವನ್ನೂ ಹೊತ್ತು ಸಾಗುತ್ತವೆ. ಭಾರ ಬಿದ್ದಾಗ ಕುತ್ತಿಗೆ ಮುಂದಕ್ಕೆ ಚಾಚಿ ಕೆಳಗಾಗುತ್ತದೆ, ಹಿಂಗಾಲು ಸ್ವಲ್ಪ ಒಳಗೆ ಬರುತ್ತದೆ. ಮೂರ್ತಿಯಲ್ಲಿ ಅದು ಹಾಗೆಯೇ ಬಂದಿದೆ.

ಫಲಕದ ಬರಹಕ್ಕೆ ಮೂರ್ತಿಯಷ್ಟೇ ಯೋಚನೆ ಬೇಕಾಯಿತು. ಪದಕದ ಅಂಚಿನಲ್ಲಿ ಇದ್ದದ್ದನ್ನು ಮಾತ್ರ ನಿಶ್ಚಿತ ಸಂಗತಿಯಾಗಿ ಬರೆದು, ಬಸ್ರಾದ ವಿಷಯವನ್ನು ‘ಮನೆಯವರ ನೆನಪಿನಂತೆ’ ಎಂಬ ಮಾತಿನೊಂದಿಗೆ ಸೇರಿಸಲಾಯಿತು. ಕುತ್ ಮುತ್ತಿಗೆಯನ್ನು ಸೇರಿಸಬೇಕೆಂಬ ಆಸೆ ಕೆಲವರಿಗಿತ್ತು. ಪಲ್ಟನ್ ಎಲ್ಲಿತ್ತೋ ಅಲ್ಲಿ ಪ್ರತಿಯೊಬ್ಬ ಸಿಪಾಯಿಯೂ ಇದ್ದನೆಂದು ಹೇಳಲು ಬಾರದು. ಹೊಸ ಭರ್ತಿಯವರು ವರ್ಷಗಟ್ಟಲೆ ತಡವಾಗಿ ಹೋಗುತ್ತಿದ್ದರು, ಕೆಲವರು ಬೇರೆ ಪಲ್ಟನ್ನಿಗೆ ಜೋಡಣೆಯಾಗುತ್ತಿದ್ದರು. ಅದನ್ನು ಬಿಟ್ಟದ್ದು ಸರಿಯಾಯಿತೆಂದೇ ನನ್ನ ಅಭಿಪ್ರಾಯ.

ಇದೇ ಬಗೆಯ ಕೆಲಸಕ್ಕೆ ಕೈಹಾಕುವವರು ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಹುಡುಕಾಟ ನಡೆದ ಸಮಯವನ್ನು. ಹಣ ಕೂಡಿದ ಮೇಲೆ, ಮಾತು ಕೊಟ್ಟ ಮೇಲೆ ಸಾಕ್ಷಿ ನೋಡಲು ಹೋದದ್ದರಿಂದ ಪ್ರತಿಯೊಂದು ಸಂಗತಿಯೂ ಯಾರದೋ ಸೋಲಿನಂತೆ ಕಂಡಿತು. ಪದಕದ ಅಂಚನ್ನು ಓದುವುದಕ್ಕೆ ಒಂದು ಗಳಿಗೆ ಸಾಕು. ಅದು ಮೊದಲ ಸಭೆಗಿಂತ ಮುಂಚೆಯೇ ಆಗಬೇಕು. ಎರಡನೆಯದಾಗಿ, ಮನೆಯ ಹಿರಿಯರನ್ನು ಪರಾಕ್ರಮದ ಬಗ್ಗೆ ಕೇಳಿದರೆ ಅವರು ಊರು ಬಯಸಿದ ಉತ್ತರವನ್ನೇ ಕೊಡುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಏನು ಉಣ್ಣುತ್ತಿದ್ದ, ಯಾವುದಕ್ಕೆ ಸಿಟ್ಟಾಗುತ್ತಿದ್ದ, ಪ್ರಾಣಿಯನ್ನು ಹೇಗೆ ಮುಟ್ಟುತ್ತಿದ್ದ ಎಂದು ಕೇಳಿದಾಗ ಸೈನಿಕನ ನಿಜವಾದ ಕೆಲಸ ಹೊರಬರುತ್ತದೆ. ಫೋಟೋವನ್ನು ಇತಿಹಾಸ ಓದಿದವರಿಗೆ ತೋರಿಸುವ ಮುನ್ನ ಆ ವಸ್ತುವಿನ ಕಸುಬುದಾರರಿಗೆ ತೋರಿಸಬೇಕೆಂಬುದನ್ನೂ ಸೇರಿಸುತ್ತೇನೆ. ಆ ನಾಲಬಂದರು ಕಂಡದ್ದು ನಮ್ಮಲ್ಲಿ ಯಾರಿಗೂ ಕಂಡಿರಲಿಲ್ಲ.

ಎಲ್ಲವೂ ಬಗೆಹರಿದಿಲ್ಲ. ಮನೆತನದ ಒಂದು ಕವಲಿನವರು ಉದ್ಘಾಟನೆಗೆ ಬರಲಿಲ್ಲ, ಅವರ ಮನೆಯ ಗೋಡೆಯ ಮೇಲೆ ಸವಾರನ ಬಣ್ಣದ ಚಿತ್ರ ಈಗಲೂ ಇದೆ. ಚಾವಡಿಯ ಫಲಕದಲ್ಲಿ ಲೆಕ್ಕಕ್ಕಷ್ಟೇ ಸೇರಿರುವ ಉಳಿದವರ ಹೆಸರುಗಳನ್ನು ಹುಡುಕುವ ಕೆಲಸವನ್ನು ನಿವೃತ್ತ ಹವಾಲ್ದಾರರು ವಹಿಸಿಕೊಂಡಿದ್ದಾರೆ. ಇದುವರೆಗೆ ಎರಡು ಮನೆಗಳವರು ಪದಕ ತಂದು ತೋರಿಸಿದ್ದಾರೆ. ಒಂದರ ಅಂಚು ಪೂರ್ತಿ ಸವೆದಿದೆ, ಇನ್ನೊಂದರಲ್ಲಿ ಹೆಸರು ಮತ್ತು ಸಂಖ್ಯೆ ಓದಲು ಬಂದಿವೆ.